ಸಂತಾನ ನಿಯಂತ್ರಣವೂ ವಿಮೆಯ ಲೆಕ್ಕವೂ

ಒಂದು ದೇಶದಲ್ಲಿ ಔಷಧವಿದೆ, ಅದನ್ನು ಮಾರುವುದಕ್ಕೆ ಕಾನೂನಿನ ಅಡ್ಡಿಯಿಲ್ಲ, ಬರೆದುಕೊಡುವ ವೈದ್ಯರಿದ್ದಾರೆ, ಬೇಕೆನ್ನುವವರೂ ಇದ್ದಾರೆ. ಇಷ್ಟೆಲ್ಲ ಇದ್ದರೂ ಅದು ಬೇಕಾದವರ ಕೈಸೇರದೆ ಹೋಗಬಹುದೆ? ಹೋಗಬಹುದು. ಔಷಧಕ್ಕೂ ಅದನ್ನು ಬಳಸುವವರಿಗೂ ನಡುವೆ ಬೆಲೆ ಎಂಬ ಬಾಗಿಲೊಂದುಂಟು. ಆ ಬಾಗಿಲನ್ನು ಯಾರ ಹಣದಿಂದ ತೆರೆಯಬೇಕು ಎಂಬುದನ್ನು ಕುರಿತು ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ ೧೯೯೦ರ ದಶಕದಿಂದೀಚೆಗೆ ದೊಡ್ಡ ವಿವಾದ ನಡೆದುಬಂದಿದೆ. ಗರ್ಭನಿರೋಧಕ ಸಾಧನಗಳ ವೆಚ್ಚವನ್ನು ಆರೋಗ್ಯ ವಿಮೆಯು ಭರಿಸಬೇಕೆ, ಬೇಡವೆ ಎಂಬುದೇ ಆ ವಿವಾದ.

ಇದು ರಾಜಕಾರಣದ ಮಾತಲ್ಲವೆ, ವಿಜ್ಞಾನದ ಪತ್ರಿಕೆಯಲ್ಲಿ ಇದಕ್ಕೇನು ಸ್ಥಾನ ಎಂದು ವಾಚಕರು ಕೇಳಬಹುದು. ವಿವಾದದ ಒಳಹೊಕ್ಕು ನೋಡಿದರೆ ಅದರಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳು ಹೆಣೆದುಕೊಂಡಿರುವುದು ಕಾಣುತ್ತದೆ. ಮೊದಲನೆಯದು ಗಣಿತದ ಪ್ರಶ್ನೆ: ವಿಮೆ ಎಂದರೇನು, ಯಾವ ವೆಚ್ಚ ಅದರ ವ್ಯಾಪ್ತಿಗೆ ಬರುತ್ತದೆ? ಎರಡನೆಯದು ಜೀವವಿಜ್ಞಾನದ ಪ್ರಶ್ನೆ: ಈ ಸಾಧನಗಳು ಹೇಗೆ ಕೆಲಸ ಮಾಡುತ್ತವೆ, ಎಷ್ಟರಮಟ್ಟಿಗೆ ಫಲ ಕೊಡುತ್ತವೆ? ಮೂರನೆಯದು ಧರ್ಮಸೂಕ್ಷ್ಮದ ಪ್ರಶ್ನೆ: ಒಬ್ಬನ ಅಂತಃಸಾಕ್ಷಿಗೂ ಮತ್ತೊಬ್ಬಳ ಅಗತ್ಯಕ್ಕೂ ವಿರೋಧ ಬಂದಾಗ ರಾಜ್ಯವು ಯಾವುದನ್ನು ಕಾಯಬೇಕು? ಮೊದಲ ಎರಡಕ್ಕೆ ಅಳತೆಯಿಂದಲೂ ಲೆಕ್ಕದಿಂದಲೂ ಬಹುಮಟ್ಟಿಗೆ ಉತ್ತರ ದೊರೆಯುತ್ತದೆ, ಮೂರನೆಯದಕ್ಕೆ ದೊರೆಯುವುದಿಲ್ಲ. ಒಂದರ ಉತ್ತರವನ್ನು ಇನ್ನೊಂದರ ಉತ್ತರವೆಂದು ಭ್ರಮಿಸುವುದರಿಂದಲೇ ಈ ವಾದವು ಇಷ್ಟು ಕಾವೇರಿದೆ. ಆದುದರಿಂದ ಒಂದೊಂದನ್ನೇ ಬಿಡಿಸಿ ನೋಡೋಣ.

ವಿಮೆಯ ಗಣಿತ

ಪಾತ್ರೆಯೊಂದರಲ್ಲಿ ತುಂಬಿರುವ ಅನಿಲದ ಒಂದು ಅಣು ಮುಂದಿನ ಕ್ಷಣದಲ್ಲಿ ಎತ್ತ ಹೋದೀತೆಂದು ಯಾರೂ ಹೇಳಲಾರರು. ಆದರೆ ಕೋಟ್ಯನುಕೋಟಿ ಅಣುಗಳು ಕೂಡಿ ಪಾತ್ರೆಯ ಗೋಡೆಯ ಮೇಲೆ ಹಾಕುವ ಒತ್ತಡವನ್ನು ಬಲು ನಿಖರವಾಗಿ ಹೇಳಬಹುದು. ಬಿಡಿಯಲ್ಲಿ ಅನಿಶ್ಚಿತವಾದುದು ಇಡಿಯಲ್ಲಿ ನಿಶ್ಚಿತವಾಗುತ್ತದೆ. ವಿಮೆಯ ತಳಹದಿಯೂ ಇದೇ.

ಹತ್ತು ಸಾವಿರ ಜನರ ಒಂದು ಗುಂಪನ್ನು ಊಹಿಸಿಕೊಳ್ಳಿ. ಅವರಲ್ಲಿ ಪ್ರತಿಯೊಬ್ಬರಿಗೂ ಒಂದು ವರ್ಷದಲ್ಲಿ ನಿರ್ದಿಷ್ಟ ಕಾಯಿಲೆಯೊಂದು ಬರುವ ಸಂಭವ ನೂರರಲ್ಲಿ ಒಂದು. ಬಂದರೆ ಚಿಕಿತ್ಸೆಗೆ ತಗಲುವ ವೆಚ್ಚ ಒಂದು ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. ಯಾರಿಗೆ ಬಂದೀತೆಂದು ಗೊತ್ತಿಲ್ಲ. ಆದರೆ ಒಟ್ಟಿನಲ್ಲಿ ಸುಮಾರು ನೂರು ಜನರಿಗೆ ಬರುತ್ತದೆ; ಹತ್ತು ಹೆಚ್ಚು ಅಥವಾ ಹತ್ತು ಕಡಿಮೆ ಆಗುವುದು ಸಾಮಾನ್ಯ. ಪ್ರತಿಯೊಬ್ಬರೂ ಒಂದು ಸಾವಿರ ರೂಪಾಯಿ ಕೊಟ್ಟರೆ ಎಲ್ಲರ ಚಿಕಿತ್ಸೆಗೂ ಹೆಚ್ಚುಕಡಿಮೆ ಸಾಕಾಗುತ್ತದೆ. ಗುಂಪು ಹತ್ತು ಲಕ್ಷಕ್ಕೆ ಬೆಳೆದರೆ ಹತ್ತು ಸಾವಿರ ಜನಕ್ಕೆ ಕಾಯಿಲೆ ಬರುವುದೆಂದು ನಿರೀಕ್ಷಿಸುತ್ತೇವೆ. ಆಗ ಸಾಮಾನ್ಯವಾದ ಏರಿಳಿತ ನೂರರಷ್ಟು ಮಾತ್ರ. ಮೊದಲನೆಯದರಲ್ಲಿ ಶೇಕಡ ಹತ್ತರಷ್ಟಿದ್ದ ಏರಿಳಿತ ಎರಡನೆಯದರಲ್ಲಿ ಶೇಕಡ ಒಂದಕ್ಕೆ ಇಳಿಯಿತು. ಗುಂಪು ದೊಡ್ಡದಾದಷ್ಟೂ ಲೆಕ್ಕ ಗಟ್ಟಿಯಾಗುತ್ತದೆ. ಒಬ್ಬನ ಬಾಳನ್ನೇ ಮುಳುಗಿಸಬಲ್ಲ ಒಂದು ಲಕ್ಷದ ಭಯವು ಎಲ್ಲರೂ ಹೊರಬಲ್ಲ ಒಂದು ಸಾವಿರದ ಕಂತಾಗಿ ಮಾರ್ಪಡುವುದೇ ವಿಮೆಯ ಚಮತ್ಕಾರ.

ಇಲ್ಲಿಯೇ ವಿರೋಧಿಗಳ ಮೊದಲನೆಯ ಆಕ್ಷೇಪಣೆ ಹುಟ್ಟುತ್ತದೆ. ಗರ್ಭನಿರೋಧಕ ಗುಳಿಗೆಯನ್ನು ಕೊಳ್ಳುವುದು ಆಕಸ್ಮಿಕವಲ್ಲ. ತಿಂಗಳು ತಿಂಗಳೂ ಬರುವ, ಮೊದಲೇ ತಿಳಿದಿರುವ ಖರ್ಚು. ಮನೆಗೆ ಬೆಂಕಿ ಬಿದ್ದರೆ ವಿಮೆ ಹಣ ಕೊಡುತ್ತದೆ, ಅಡುಗೆಯ ಸೌದೆಗೆ ಕೊಡುತ್ತದೆಯೆ? ನಿಶ್ಚಿತವಾದ ಖರ್ಚನ್ನು ವಿಮೆಯ ಮೂಲಕ ಹಾಯಿಸಿದರೆ ಕಂತು ಅಷ್ಟರಮಟ್ಟಿಗೆ ಏರುತ್ತದೆ. ನಡುವೆ ಕಚೇರಿಯ ಖರ್ಚೂ ಸೇರುತ್ತದೆ. ಉಚಿತ ಎಂಬುದು ಹೆಸರಿಗೆ ಮಾತ್ರ, ಆ ಹಣವನ್ನು ಕಂತು ಕಟ್ಟುವವರೆಲ್ಲರೂ ಸೇರಿ ಕೊಡುತ್ತಾರೆ. ಈ ಆಕ್ಷೇಪಣೆಯಲ್ಲಿ ಹುರುಳಿದೆ, ಅದನ್ನು ತಳ್ಳಿಹಾಕುವಂತಿಲ್ಲ.

ಆದರೆ ಲೆಕ್ಕ ಅಲ್ಲಿಗೇ ಮುಗಿಯುವುದಿಲ್ಲ. ಗುಳಿಗೆಯ ಖರ್ಚು ನಿಶ್ಚಿತವಾದರೂ ಅದು ತಡೆಯಲೆತ್ನಿಸುವ ಘಟನೆ ಅನಿಶ್ಚಿತ. ಬಯಸದೆ ಬಂದ ಬಸಿರು, ಅದರ ಆರೈಕೆ, ಹೆರಿಗೆ, ತೊಡಕಾದರೆ ಶಸ್ತ್ರಚಿಕಿತ್ಸೆ ಇವೆಲ್ಲವೂ ವಿಮೆಯ ವ್ಯಾಪ್ತಿಗೆ ಸೇರಿದವೇ ಆಗಿವೆ. ೨೦೧೮ರಿಂದ ೨೦೨೦ರವರೆಗಿನ ಅವಧಿಗೆ ಅಮೆರಿಕದ ದೊಡ್ಡ ಸಂಸ್ಥೆಗಳ ವಿಮಾ ಯೋಜನೆಗಳಲ್ಲಿ ಒಂದು ಬಸಿರು, ಹೆರಿಗೆ, ಬಾಣಂತಿತನಗಳಿಗೆ ಒಟ್ಟು ಸರಾಸರಿ ೧೯,೦೦೦ ಡಾಲರುಗಳಷ್ಟು ವೆಚ್ಚವಾಗುತ್ತಿತ್ತು. ಕಾರ್ಖಾನೆಗೆ ಬೆಂಕಿಯ ವಿಮೆ ಇಳಿಸಿದ ಕಂಪನಿಯು ಬೆಂಕಿ ಆರಿಸುವ ಸಲಕರಣೆಯನ್ನು ಇಡಿಸಿದರೆ ಯಾರೂ ಅದನ್ನು ತಪ್ಪೆನ್ನುವುದಿಲ್ಲ. ಸಿಡುಬಿನಂಥ ರೋಗಗಳಿಗೆ ಲಸಿಕೆ ಹಾಕಿಸುವ ನ್ಯಾಯವೂ ಇದೇ. ರೋಗವನ್ನು ತಡೆಯುವ ಖರ್ಚು ನಿಶ್ಚಿತವಾದರೂ ವಿಮೆಗೆ ಹೊರಗಿನದಲ್ಲ ಎಂದು ಒಪ್ಪಿದ ಮೇಲೆ, ಪ್ರಶ್ನೆಯು ಹೀಗೆ ಮಾರ್ಪಡುತ್ತದೆ: ಈ ತಡೆ ನಿಜವಾಗಿ ಎಷ್ಟು ತಡೆಯುತ್ತದೆ? ಬೆಲೆ ಇಳಿದರೆ ಅದರ ಬಳಕೆ ನಿಜವಾಗಿ ಬದಲಾಗುತ್ತದೆಯೆ?

ಸಣ್ಣ ಸಂಭವ ಬೆಳೆಯುವ ಬಗೆ

ಸಾಧನಗಳ ಫಲವನ್ನು ಅಳೆಯುವ ಕ್ರಮ ಹೀಗಿದೆ. ಒಂದು ಸಾಧನವನ್ನು ನೂರು ಮಂದಿ ಮಹಿಳೆಯರು ಒಂದು ವರ್ಷ ಬಳಸಿದರೆ ಅವರಲ್ಲಿ ಎಷ್ಟು ಮಂದಿ ಬಸಿರಾಗುತ್ತಾರೆ ಎಂದು ಎಣಿಸುತ್ತಾರೆ. ದಿನನಿತ್ಯದ ಬಳಕೆಯಲ್ಲಿ, ಎಂದರೆ ಮರೆವು ಅವಸರಗಳನ್ನೂ ಸೇರಿಸಿ, ಅಮೆರಿಕದಲ್ಲಿ ಕಂಡುಬಂದಿರುವ ಅಂಕಿಗಳು ಇವು: ಪುರುಷರು ಬಳಸುವ ರಬ್ಬರಿನ ನಿರೋಧಕ್ಕೆ ೧೩, ದಿನವೂ ನುಂಗುವ ಗುಳಿಗೆಗೆ ೭, ಗರ್ಭಕೋಶದಲ್ಲಿ ಇರಿಸುವ ತಾಮ್ರದ ವಂಕಿಗೆ ೦.೮, ತೋಳಿನ ಚರ್ಮದಡಿಯಲ್ಲಿ ಇರಿಸುವ ಹಾರ್ಮೋನಿನ ಕಡ್ಡಿಗೆ ೦.೧. ಗುಳಿಗೆಯನ್ನು ಒಂದು ದಿನವೂ ತಪ್ಪದೆ ಹೇಳಿದಂತೆ ನುಂಗಿದರೆ ಅದರ ಅಂಕಿ ೦.೩ಕ್ಕೆ ಇಳಿಯುತ್ತದೆ. ೦.೩ಕ್ಕೂ ೭ಕ್ಕೂ ಇರುವ ಅಂತರವು ಔಷಧದ ದೋಷವಲ್ಲ. ಮನುಷ್ಯ ಸ್ವಭಾವದ ಅಳತೆ. ವಂಕಿಯನ್ನೋ ಕಡ್ಡಿಯನ್ನೋ ವೈದ್ಯರು ಒಮ್ಮೆ ಇರಿಸಿದರೆ ನೆನಪಿಟ್ಟುಕೊಳ್ಳುವ ಕೆಲಸವೇ ಇಲ್ಲ.

ನೂರಕ್ಕೆ ಏಳು ಎಂಬುದು ಮೇಲುನೋಟಕ್ಕೆ ಅಲ್ಪವೆಂದು ತೋರುತ್ತದೆ. ಆದರೆ ಈ ಸಾಧನಗಳು ಒಂದು ವರ್ಷಕ್ಕೆ ಬೇಕಾದವಲ್ಲ. ಹತ್ತು, ಇಪ್ಪತ್ತು ವರ್ಷ ಬೇಕಾದವು. ವರ್ಷಕ್ಕೆ ನೂರರಲ್ಲಿ ಏಳು ತಪ್ಪಿದರೆ ತಪ್ಪದಿರುವ ಸಂಭವ ೦.೯೩. ಎರಡು ವರ್ಷ ತಪ್ಪದಿರುವ ಸಂಭವ ೦.೯೩ರ ವರ್ಗ, ಎಂದರೆ ಸುಮಾರು ೦.೮೬. ಹೀಗೆಯೇ ಹತ್ತು ಸಲ ಗುಣಿಸಿದರೆ ದೊರೆಯುವುದು ೦.೪೮. ಪ್ರತಿ ವರ್ಷದ ಸಂಭವವೂ ಒಂದೇ ಸಮನಾಗಿರುತ್ತದೆಂದು ಭಾವಿಸಿದರೆ, ಹತ್ತು ವರ್ಷ ಗುಳಿಗೆ ನುಂಗಿದ ನೂರು ಮಂದಿಯಲ್ಲಿ ೫೨ ಮಂದಿಗೆ ಒಮ್ಮೆಯಾದರೂ ಬಯಸದ ಬಸಿರು ನಿಂತಿರುತ್ತದೆ. ರಬ್ಬರಿನ ನಿರೋಧಕ್ಕೆ ಇದೇ ಲೆಕ್ಕ ಮಾಡಿದರೆ ೭೫ ಮಂದಿ; ತಾಮ್ರದ ವಂಕಿಗೆ ೮ ಮಂದಿ. ವಾಸ್ತವದಲ್ಲಿ ಅಭ್ಯಾಸವಾದಂತೆ ತಪ್ಪುಗಳು ಕಡಮೆಯಾಗುವುದರಿಂದ ಈ ಅಂಕಿಗಳು ಸ್ವಲ್ಪ ಹೆಚ್ಚಾಗಿಯೇ ಇವೆ ಎನ್ನಬೇಕು. ಆದರೂ ಸಾಧನ ಸಾಧನಗಳಿಗಿರುವ ಅಂತರದ ಗಾತ್ರ ಇದರಿಂದ ಸ್ಪಷ್ಟವಾಗುತ್ತದೆ. ಸಂತಾನ ನಿಯಂತ್ರಣದ ಸಾಧನ ಇದೆಯೆ ಇಲ್ಲವೆ ಎಂಬಷ್ಟೇ ಮುಖ್ಯವಾದುದು ಯಾವ ಸಾಧನ ಎಂಬುದು.

ಈಗ ಬೆಲೆಯನ್ನು ನೋಡಿ. ಗುಳಿಗೆಗೆ ತಿಂಗಳಿಗೆ ೨೦ ಡಾಲರು, ವಂಕಿಯನ್ನು ಇರಿಸುವುದಕ್ಕೆ ವೈದ್ಯರ ಶುಲ್ಕವೂ ಸೇರಿ ಒಮ್ಮೆಗೇ ೧,೦೦೦ ಡಾಲರು ಎಂದಿಟ್ಟುಕೊಳ್ಳೋಣ. ತಾಮ್ರದ ವಂಕಿಗೆ ಅಮೆರಿಕದಲ್ಲಿ ಹತ್ತು ವರ್ಷಗಳ ಬಳಕೆಗೆ ಮನ್ನಣೆಯಿದೆ. ಹತ್ತು ವರ್ಷಗಳಲ್ಲಿ ಗುಳಿಗೆಗೆ ೨,೪೦೦ ಡಾಲರು ಖರ್ಚಾದರೆ ವಂಕಿಗೆ ತಿಂಗಳಿಗೆ ೮ ಡಾಲರಿಗಿಂತ ತುಸು ಹೆಚ್ಚು ಬಿದ್ದಂತಾಯಿತು. ದೀರ್ಘಕಾಲದಲ್ಲಿ ಅಗ್ಗವಾದುದೂ ಹೆಚ್ಚು ನಂಬಿಕೆಯದೂ ಆದ ಸಾಧನವೇ ಮೊದಲನೆಯ ದಿನ ಅತ್ಯಂತ ದುಬಾರಿ. ಅಮೆರಿಕದ ಕೇಂದ್ರ ಸರ್ಕಾರವು ೨೦೦೯ರಲ್ಲಿ ಗೊತ್ತುಪಡಿಸಿದ ಕನಿಷ್ಠ ಕೂಲಿ ಗಂಟೆಗೆ ೭.೨೫ ಡಾಲರು. ವಾರಕ್ಕೆ ೪೦ ಗಂಟೆಯಂತೆ ನಾಲ್ಕು ವಾರ ದುಡಿದರೆ ತೆರಿಗೆ ಕಳೆಯುವ ಮೊದಲು ಕೈಗೆ ಬರುವುದು ೧,೧೬೦ ಡಾಲರು. ಬಾಡಿಗೆ, ಊಟ, ಬಸ್ಸಿನ ಖರ್ಚು ಎಲ್ಲವನ್ನೂ ಬದಿಗಿಟ್ಟು ಒಂದು ತಿಂಗಳ ಸಂಬಳವನ್ನು ಹಾಗೆಯೇ ಎತ್ತಿ ಕೊಡಬಲ್ಲವಳಿಗೆ ಮಾತ್ರ ಆ ಅಗ್ಗದ ಸಾಧನ ದೊರೆಯುತ್ತದೆ. ಅಂಗಡಿಯ ಗಲ್ಲೆಯ ಮೇಲೆ ಕುಳಿತು ದುಡಿಯುವ ಹೆಣ್ಣುಮಗಳು ಹೆಚ್ಚು ತಪ್ಪುವ ಸಾಧನವನ್ನೇ ಕೊಂಡು, ಹತ್ತು ವರ್ಷಗಳಲ್ಲಿ ಹೆಚ್ಚು ಹಣವನ್ನೂ ತೆರುತ್ತಾಳೆ.

ಬೆಲೆಯ ಬಾಗಿಲನ್ನು ತೆರೆದರೆ ಏನಾಗುತ್ತದೆಂಬುದನ್ನು ಮಿಸ್ಸೂರಿ ರಾಜ್ಯದ ಸೇಂಟ್ ಲೂಯಿ ನಗರದಲ್ಲಿ ಪರೀಕ್ಷಿಸಿ ನೋಡಿದರು. ೨೦೦೭ರಿಂದ ೨೦೧೧ರವರೆಗೆ ಅಲ್ಲಿನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ೯,೨೫೬ ಮಹಿಳೆಯರನ್ನು ಸೇರಿಸಿಕೊಂಡು, ಎಲ್ಲ ಸಾಧನಗಳ ಗುಣದೋಷಗಳನ್ನೂ ವಿವರಿಸಿ, ಬೇಕಾದುದನ್ನು ಉಚಿತವಾಗಿ ಕೊಟ್ಟರು. ಅವರಲ್ಲಿ ಶೇಕಡ ೭೫ ಮಂದಿ ವಂಕಿ ಅಥವಾ ಕಡ್ಡಿಯನ್ನು ಆರಿಸಿಕೊಂಡರು. ೨೦೦೯ರಲ್ಲಿ ದೇಶದಾದ್ಯಂತ ಗರ್ಭನಿರೋಧಕಗಳನ್ನು ಬಳಸುತ್ತಿದ್ದ ಮಹಿಳೆಯರಲ್ಲಿ ಇಂಥ ದೀರ್ಘಕಾಲದ ಸಾಧನಗಳನ್ನು ಬಳಸುತ್ತಿದ್ದವರು ಶೇಕಡ ೮.೫ ಮಾತ್ರ. ಆ ಅಧ್ಯಯನದಲ್ಲಿ ಗುಳಿಗೆ ಮತ್ತು ಅದನ್ನು ಹೋಲುವ ಸಾಧನಗಳನ್ನು ಬಳಸಿದವರಲ್ಲಿ ನೂರು ಮಂದಿಗೆ ವರ್ಷಕ್ಕೆ ೪.೫೫ ಬಯಸದ ಬಸಿರುಗಳೂ, ದೀರ್ಘಕಾಲದ ಸಾಧನಗಳವರಲ್ಲಿ ೦.೨೭ ಬಸಿರುಗಳೂ ಕಂಡುಬಂದವು. ಎಂದರೆ ಸುಮಾರು ಹದಿನೇಳು ಪಟ್ಟು ಅಂತರ. ಇವರೆಲ್ಲ ತಾವಾಗಿ ಬಂದು ಸೇರಿದವರು, ಹಣದ ಸಹಾಯದ ಜೊತೆಗೆ ತಿಳಿವಳಿಕೆಯೂ ಇವರಿಗೆ ದೊರೆಯಿತು ಎಂಬುದನ್ನು ಮರೆಯಬಾರದು. ಬೆಲೆಯೊಂದರಿಂದಲೇ ಇಷ್ಟೂ ಆಯಿತೆನ್ನುವಂತಿಲ್ಲ. ಬೆಲೆಯು ಆಯ್ಕೆಯನ್ನು ಬದಲಾಯಿಸುವುದಿಲ್ಲ ಎನ್ನುವಂತೆಯೂ ಇಲ್ಲ.

ವಿಮೆಯು ಮಾಲೀಕನ ಕೈಗೆ ಬಂದುದು

ಗಣಿತವೂ ಜೀವವಿಜ್ಞಾನವೂ ಇಷ್ಟು ಹೇಳಿದ ಮೇಲೆ ವಿವಾದ ಅಮೆರಿಕದಲ್ಲೇ ಏಕೆ ಇಷ್ಟು ತೀವ್ರವಾಯಿತು? ಅದಕ್ಕೆ ಆ ದೇಶದ ಚರಿತ್ರೆಯ ಎರಡು ಎಳೆಗಳನ್ನು ಹಿಡಿದು ನೋಡಬೇಕು.

ಮೊದಲನೆಯ ಎಳೆ ಕಾನೂನಿನದು. ಆಂಥೊನಿ ಕಾಮ್‌ಸ್ಟಾಕ್ ಎಂಬಾತನ ಒತ್ತಾಯದಿಂದ ೧೮೭೩ರಲ್ಲಿ ಜಾರಿಗೆ ಬಂದ ಶಾಸನವು ಗರ್ಭನಿರೋಧಕ ಸಾಧನಗಳನ್ನೂ ಅವುಗಳ ವಿಷಯದ ಬರಹಗಳನ್ನೂ ಅಂಚೆಯಲ್ಲಿ ಕಳುಹಿಸುವುದನ್ನು ಅಪರಾಧವೆಂದು ಸಾರಿತು. ೧೯೧೬ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಚಿಕಿತ್ಸಾಲಯ ತೆರೆದ ಮಾರ್ಗರೆಟ್ ಸ್ಯಾಂಗರ್ ಸೆರೆಮನೆಗೆ ಹೋಗಬೇಕಾಯಿತು. ಕನೆಕ್ಟಿಕಟ್ ರಾಜ್ಯದಲ್ಲಂತೂ ಗಂಡಹೆಂಡಿರು ಇಂಥ ಸಾಧನವನ್ನು ಬಳಸುವುದೇ ಅಪರಾಧವಾಗಿತ್ತು. ಗುಳಿಗೆಗೆ ಸರ್ಕಾರದ ಮನ್ನಣೆ ದೊರೆತದ್ದು ೧೯೬೦ರಲ್ಲಿ. ಮರುವರ್ಷ ಎಸ್ಟೆಲ್ ಗ್ರಿಸ್ವೋಲ್ಡ್ ಮತ್ತು ವೈದ್ಯ ಲೀ ಬಕ್ಸ್‌ಟನ್ ಇಬ್ಬರೂ ಆ ರಾಜ್ಯದ ನ್ಯೂಹೇವನ್ ನಗರದಲ್ಲಿ ಚಿಕಿತ್ಸಾಲಯ ತೆರೆದು ತಲಾ ೧೦೦ ಡಾಲರು ದಂಡ ತೆತ್ತರು. ಅವರ ಮೊಕದ್ದಮೆಯಲ್ಲಿ ೧೯೬೫ರ ಜೂನ್ ೭ರಂದು ಸರ್ವೋಚ್ಚ ನ್ಯಾಯಾಲಯವು ವಿವಾಹಿತರ ಈ ಹಕ್ಕನ್ನು ಎತ್ತಿಹಿಡಿಯಿತು. ೧೯೭೨ರಲ್ಲಿ ಅವಿವಾಹಿತರಿಗೂ ಅದು ವಿಸ್ತರಿಸಿತು. ನಿಷೇಧದ ಬಾಗಿಲು ಹೀಗೆ ತೆರೆಯಿತು. ಬೆಲೆಯ ಬಾಗಿಲು ಹಾಗೆಯೇ ಉಳಿಯಿತು.

ಎರಡನೆಯ ಎಳೆ ಹಣದ್ದು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೨ರಲ್ಲಿ, ಅಮೆರಿಕ ಸರ್ಕಾರವು ಸಂಬಳದ ಏರಿಕೆಗೆ ಕಟ್ಟು ಹಾಕಿತು. ಆಳುಗಳು ಸಿಕ್ಕದೆ ಪರದಾಡುತ್ತಿದ್ದ ಕಾರ್ಖಾನೆಗಳು ಸಂಬಳಕ್ಕೆ ಬದಲಾಗಿ ಆರೋಗ್ಯ ವಿಮೆಯ ಆಸೆ ತೋರಿಸಿ ಜನರನ್ನು ಸೆಳೆದವು. ೧೯೫೪ರ ತೆರಿಗೆ ಸಂಹಿತೆಯು ಮಾಲೀಕರು ಕಟ್ಟುವ ವಿಮೆಯ ಕಂತನ್ನು ನೌಕರನ ವರಮಾನವೆಂದು ಎಣಿಸದೆ ತೆರಿಗೆಯಿಂದ ಬಿಟ್ಟಿತು. ಅಂದಿನ ತಾತ್ಕಾಲಿಕ ಉಪಾಯವೇ ಇಂದಿನ ವ್ಯವಸ್ಥೆಯಾಗಿದೆ. ಈಗ ಹದಿನೈದು ಕೋಟಿಗೂ ಹೆಚ್ಚು ಅಮೆರಿಕನರಿಗೆ ಆರೋಗ್ಯ ವಿಮೆ ದೊರೆಯುವುದು ತಮ್ಮ ಅಥವಾ ಮನೆಯವರ ಉದ್ಯೋಗದ ಮೂಲಕ. ಅಲ್ಲಿ ನೌಕರಳ ಗುಳಿಗೆಗೂ ಮಾಲೀಕನ ಅಂತಃಸಾಕ್ಷಿಗೂ ಸಂಬಂಧ ಬೆಸೆದುದು ಈ ಚಾರಿತ್ರಿಕ ಆಕಸ್ಮಿಕವೇ.

ಈ ಯೋಜನೆಗಳಲ್ಲಿ ಅನೇಕವು ಬೇರೆ ಔಷಧಗಳ ವೆಚ್ಚವನ್ನು ಭರಿಸಿಯೂ ಗರ್ಭನಿರೋಧಕಗಳನ್ನು ಹೊರಗಿಟ್ಟಿದ್ದವು. ೧೯೯೮ರ ಮಾರ್ಚಿಯಲ್ಲಿ ಪುರುಷರ ವಯಾಗ್ರ ಗುಳಿಗೆಗೆ ಮನ್ನಣೆ ದೊರೆತು, ಕೆಲವು ವಿಮಾ ಸಂಸ್ಥೆಗಳು ಅದಕ್ಕೆ ಹಣ ಕೊಡತೊಡಗಿದಾಗ ಮಹಿಳೆಯರ ಅಸಮಾಧಾನ ಹೆಚ್ಚಿತು. ಅದೇ ವರ್ಷ ಮೇರಿಲ್ಯಾಂಡ್ ರಾಜ್ಯವು ವಿಮೆಯಲ್ಲಿ ಗರ್ಭನಿರೋಧಕಗಳನ್ನು ಸೇರಿಸಬೇಕೆಂದು ಎಲ್ಲ ರಾಜ್ಯಗಳಿಗಿಂತ ಮೊದಲು ಶಾಸನ ಮಾಡಿತು. ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಅದನ್ನು ಅನುಸರಿಸಿದವು. ಆದರೆ ತಮ್ಮ ಸ್ವಂತ ನಿಧಿಯಿಂದ ವಿಮೆ ನಡೆಸುವ ದೊಡ್ಡ ಸಂಸ್ಥೆಗಳು ೧೯೭೪ರ ಕೇಂದ್ರ ಶಾಸನವೊಂದರ ದೆಸೆಯಿಂದ ರಾಜ್ಯಗಳ ಈ ನಿಯಮಕ್ಕೆ ಒಳಪಡುತ್ತಿರಲಿಲ್ಲ.

೨೦೧೦ರ ಮಾರ್ಚಿ ೨೩ರಂದು ಅಧ್ಯಕ್ಷ ಒಬಾಮಾ ಸಹಿ ಹಾಕಿದ ಆರೋಗ್ಯ ಶಾಸನವು ಈ ಕೊರತೆಯನ್ನು ತುಂಬಿತು. ಸೆನೆಟ್ ಸದಸ್ಯೆ ಬಾರ್ಬರಾ ಮಿಕುಲ್ಸ್‌ಕಿ ತಂದ ತಿದ್ದುಪಡಿಯಂತೆ ಮಹಿಳೆಯರ ರೋಗನಿವಾರಕ ಸೇವೆಗಳಿಗೆ ವಿಮೆಯು ಪೂರ್ತಿ ಹಣ ಕೊಡಬೇಕಾಯಿತು. ಯಾವ ಯಾವ ಸೇವೆಗಳು ಎಂಬುದನ್ನು ೨೦೧೧ರ ಜುಲೈಯಲ್ಲಿ ವೈದ್ಯವಿಜ್ಞಾನಿಗಳ ಸಮಿತಿಯೊಂದು ಶಿಫಾರಸು ಮಾಡಿತು. ಅವುಗಳಲ್ಲಿ ಸಂತಾನ ನಿಯಂತ್ರಣವೂ ಒಂದು. ೨೦೧೨ರ ಆಗಸ್ಟ್ ೧ರಿಂದೀಚೆಗೆ ಆರಂಭವಾದ ವಿಮಾ ವರ್ಷಗಳಿಗೆ ಈ ನಿಯಮ ಅನ್ವಯಿಸಿತು. ಪರಿಣಾಮ ಬೇಗನೆ ಕಂಡಿತು. ವಿಮೆಯಿದ್ದ ಮಹಿಳೆ ವಂಕಿಗಾಗಿ ತನ್ನ ಕೈಯಿಂದ ಕೊಡುತ್ತಿದ್ದ ಹಣ ಸರಾಸರಿ ೨೬೨ ಡಾಲರಿನಿಂದ ಒಂದು ವರ್ಷದೊಳಗೆ ೮೪ ಡಾಲರಿಗೆ ಇಳಿದುದನ್ನು ಸಂಶೋಧಕರು ಲೆಕ್ಕಹಾಕಿದರು.

ಅಂತಃಸಾಕ್ಷಿಯ ಮೊಕದ್ದಮೆ

ಚರ್ಚುಗಳನ್ನು ಸರ್ಕಾರ ಮೊದಲಿನಿಂದಲೇ ಈ ನಿಯಮದಿಂದ ಬಿಟ್ಟಿತ್ತು. ಧಾರ್ಮಿಕ ಆಸ್ಪತ್ರೆ ಕಾಲೇಜುಗಳಿಗಾಗಿ ಒಂದು ನಡುದಾರಿಯನ್ನು ಹುಡುಕಿತು: ಅವು ತಮ್ಮ ವಿರೋಧವನ್ನು ಬರೆದು ತಿಳಿಸಿದರೆ ಸಾಕು, ವಿಮಾ ಸಂಸ್ಥೆಯೇ ಬೇರೆಯಾಗಿ ಆ ಹಣವನ್ನು ಭರಿಸುವುದು. ಆದರೆ ಲಾಭಕ್ಕಾಗಿ ನಡೆಯುವ ಕಂಪನಿಗಳಿಗೆ ಈ ಸೌಲಭ್ಯವಿರಲಿಲ್ಲ.

ಒಕ್ಲಹೋಮ ನಗರದ ಹಾಬಿ ಲಾಬಿ ಎಂಬ ಕಂಪನಿಯು ಕರಕುಶಲ ಸಾಮಗ್ರಿಗಳ ಅಂಗಡಿಗಳನ್ನು ನಡೆಸುತ್ತದೆ. ಮೊಕದ್ದಮೆಯ ಕಾಲದಲ್ಲಿ ಅದಕ್ಕೆ ಸುಮಾರು ೧೩,೦೦೦ ನೌಕರರಿದ್ದರು. ಅದರ ಒಡೆಯರಾದ ಗ್ರೀನ್ ಕುಟುಂಬದವರು ಶ್ರದ್ಧಾವಂತ ಕ್ರೈಸ್ತರು. ಮನ್ನಣೆ ಪಡೆದ ೨೦ ಬಗೆಯ ಸಾಧನಗಳಲ್ಲಿ ೧೬ಕ್ಕೆ ಅವರ ವಿರೋಧವಿರಲಿಲ್ಲ. ಎರಡು ಬಗೆಯ ತುರ್ತು ಗುಳಿಗೆಗಳು, ಎರಡು ಬಗೆಯ ವಂಕಿಗಳು, ಹೀಗೆ ನಾಲ್ಕನ್ನು ಅವರು ಒಪ್ಪಲಿಲ್ಲ. ಜೀವವು ಫಲೀಕರಣದ ಕ್ಷಣದಲ್ಲೇ ಆರಂಭವಾಗುತ್ತದೆ, ಈ ನಾಲ್ಕು ಸಾಧನಗಳು ಫಲಿತವಾದ ಅಂಡವು ಗರ್ಭಕೋಶದಲ್ಲಿ ನೆಲೆಯೂರದಂತೆ ಮಾಡಬಹುದು, ಅದಕ್ಕೆ ಹಣ ಕೊಟ್ಟರೆ ತಾವೂ ಪಾಪದಲ್ಲಿ ಪಾಲುಗಾರರಾಗುತ್ತೇವೆ ಎಂಬುದು ಅವರ ವಾದ. ನಿಯಮವನ್ನು ಮೀರಿದರೆ ದಿನಕ್ಕೆ ೧೩ ಲಕ್ಷ ಡಾಲರುಗಳವರೆಗೆ ದಂಡ ತೆರಬೇಕಾಗಿತ್ತು. ನಂಬಿಕೆಗೂ ದಂಡಕ್ಕೂ ನಡುವೆ ಸಿಕ್ಕಿದವರ ಸಂಕಟವನ್ನು ಹಗುರವಾಗಿ ಕಾಣಬಾರದು.

೨೦೧೪ರ ಜೂನ್ ೩೦ರಂದು ಸರ್ವೋಚ್ಚ ನ್ಯಾಯಾಲಯವು ಐವರು ಒಂದು ಕಡೆ, ನಾಲ್ವರು ಒಂದು ಕಡೆಯಾಗಿ ಕಂಪನಿಯ ಪರವಾಗಿ ತೀರ್ಪಿತ್ತಿತು. ೧೯೯೩ರ ಧಾರ್ಮಿಕ ಸ್ವಾತಂತ್ರ್ಯ ಶಾಸನದಂತೆ, ಸರ್ಕಾರದ ಉದ್ದೇಶ ಎಷ್ಟೇ ಘನವಾಗಿದ್ದರೂ ಅದನ್ನು ಸಾಧಿಸುವಾಗ ನಂಬಿಕೆಗೆ ಅತ್ಯಂತ ಕಡಮೆ ನೋವು ತರುವ ಮಾರ್ಗವನ್ನು ಹಿಡಿಯಬೇಕು. ಧಾರ್ಮಿಕ ಸಂಸ್ಥೆಗಳಿಗೆ ಕೊಟ್ಟಿರುವ ನಡುದಾರಿಯನ್ನು ಇವರಿಗೂ ಕೊಡಬಹುದಾಗಿತ್ತಲ್ಲವೆ ಎಂದು ಬಹುಮತದ ತೀರ್ಪನ್ನು ಬರೆದ ನ್ಯಾಯಮೂರ್ತಿ ಅಲಿಟೊ ಕೇಳಿದರು. ಭಿನ್ನಾಭಿಪ್ರಾಯ ಬರೆದ ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್, ಮಾಲೀಕನ ನಂಬಿಕೆಯ ಭಾರವನ್ನು ಆ ನಂಬಿಕೆಯನ್ನು ಹಂಚಿಕೊಳ್ಳದ ನೌಕರಳ ಮೇಲೆ ಹೊರಿಸುವುದು ಸಲ್ಲದೆಂದರು. ವಂಕಿಯ ಬೆಲೆ ಕನಿಷ್ಠ ಕೂಲಿಯವಳ ಒಂದು ತಿಂಗಳ ದುಡಿಮೆಗೆ ಹತ್ತಿರವಾಗುತ್ತದೆಂಬ, ನಾವು ಮೇಲೆ ಮಾಡಿದ ಲೆಕ್ಕವನ್ನು ಅವರೂ ಎತ್ತಿ ತೋರಿಸಿದರು.

ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಆ ಸಾಧನಗಳು ನಿಜವಾಗಿ ಹೇಗೆ ಕೆಲಸ ಮಾಡುತ್ತವೆಂಬುದನ್ನು ನ್ಯಾಯಾಲಯವು ತೀರ್ಮಾನಿಸಲಿಲ್ಲ. ನಂಬಿಕೆ ಪ್ರಾಮಾಣಿಕವೆ ಎಂಬುದಷ್ಟೇ ಅದರ ಮುಂದಿದ್ದ ಪ್ರಶ್ನೆ. ತುರ್ತು ಗುಳಿಗೆಯ ಹಳೆಯ ವಿವರಣಪತ್ರದಲ್ಲಿಯೂ ಅಂಡವು ನೆಲೆಯೂರದಂತೆ ಅದು ತಡೆಯಬಹುದೆಂಬ ಮಾತಿತ್ತು. ಮುಂದಿನ ಪ್ರಯೋಗಗಳಿಂದ ಲೆವೊನಾರ್ಜೆಸ್ಟ್ರೆಲ್ ಎಂಬ ತುರ್ತು ಗುಳಿಗೆಯ ಕೆಲಸ ಅಂಡಾಶಯದಿಂದ ಅಂಡ ಹೊರಬೀಳುವುದನ್ನು ತಡೆಯುವುದು ಅಥವಾ ಮುಂದಕ್ಕೆ ಹಾಕುವುದು ಎಂದು ತಿಳಿದುಬಂತು. ೨೦೨೨ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು ವಿವರಣಪತ್ರವನ್ನೇ ಅದಕ್ಕೆ ತಕ್ಕಂತೆ ತಿದ್ದಿಸಿತು. ತಾಮ್ರದ ವಂಕಿಯ ತಾಮ್ರವು ಪುರುಷ ಬೀಜಾಣುಗಳನ್ನು ಕುಂಠಿತಗೊಳಿಸಿ ಮುಖ್ಯವಾಗಿ ಫಲೀಕರಣವನ್ನೇ ತಡೆಯುತ್ತದೆ. ಕೆಲವು ಸಂದರ್ಭಗಳಲ್ಲಿ ಅನಂತರದ ಪರಿಣಾಮವನ್ನು ಪೂರ್ತಿ ಅಲ್ಲಗಳೆಯುವಂತಿಲ್ಲ. ಇವೆಲ್ಲ ಅಳೆದು ತಿಳಿಯಬಹುದಾದ ಸಂಗತಿಗಳು. ಜೀವವು ಯಾವ ಕ್ಷಣದಿಂದ ಪೂಜ್ಯವಾಗುತ್ತದೆಂಬುದಾದರೋ ಯಾವ ಸೂಕ್ಷ್ಮದರ್ಶಕದಲ್ಲೂ ಕಾಣುವ ಸಂಗತಿಯಲ್ಲ. ಎಲ್ಲ ಕೃತಕ ಗರ್ಭನಿರೋಧವನ್ನೂ ೧೯೬೮ರ ಪೋಪರ ಪತ್ರದಲ್ಲಿ ನಿಷೇಧಿಸಿದ ಕ್ಯಾಥೊಲಿಕ್ ಧರ್ಮಪೀಠಕ್ಕೆ ಈ ಪ್ರಯೋಗಗಳ ಫಲ ಏನಾದರೂ ಒಂದೇ.

ಮುಂದಿನ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ನಡುದಾರಿಯ ಕಾಗದಕ್ಕೆ ಸಹಿ ಹಾಕುವುದೂ ಪಾಪದಲ್ಲಿ ಪಾಲೇ ಎಂದು ಕೆಲವು ಧಾರ್ಮಿಕ ಸಂಸ್ಥೆಗಳು ವಾದಿಸಿದವು. ೨೦೧೬ರಲ್ಲಿ ನ್ಯಾಯಾಲಯವು ತೀರ್ಮಾನ ಕೊಡದೆ ರಾಜಿಯ ದಾರಿ ಹುಡುಕಲು ಹೇಳಿ ಹಿಂದಕ್ಕೆ ಕಳುಹಿಸಿತು. ೨೦೧೭ರ ಅಕ್ಟೋಬರಿನಲ್ಲಿ ಟ್ರಂಪ್ ಸರ್ಕಾರವು ಧಾರ್ಮಿಕ ಅಥವಾ ನೈತಿಕ ಕಾರಣ ಕೊಡುವ ಮಾಲೀಕರಿಗೆ ವಿಶಾಲವಾದ ವಿನಾಯಿತಿಯನ್ನು ಪ್ರಕಟಿಸಿತು. ೨೦೨೦ರ ಜುಲೈ ೮ರಂದು ಸರ್ವೋಚ್ಚ ನ್ಯಾಯಾಲಯದ ಏಳು ಮಂದಿ ನ್ಯಾಯಮೂರ್ತಿಗಳು ಅಂಥ ನಿಯಮ ಮಾಡುವ ಅಧಿಕಾರ ಸರ್ಕಾರಕ್ಕಿದೆಯೆಂದರು, ಇಬ್ಬರು ಒಪ್ಪಲಿಲ್ಲ. ಇದರಿಂದ ೭೦,೫೦೦ರಿಂದ ೧,೨೬,೪೦೦ರವರೆಗಿನ ಮಹಿಳೆಯರು ವಿಮೆಯ ಈ ಸೌಲಭ್ಯವನ್ನು ಕಳೆದುಕೊಳ್ಳಬಹುದೆಂದು ಸರ್ಕಾರವೇ ಅಂದಾಜು ಮಾಡಿತ್ತು. ೨೦೨೦ರ ಬಳಿಕವೂ ಆ ನಿಯಮಗಳ ವ್ಯಾಜ್ಯ ಕೆಳಗಿನ ನ್ಯಾಯಾಲಯಗಳಲ್ಲಿ ಮುಂದುವರಿಯಿತು.

ಈ ನಡುವೆ ಮತ್ತೊಂದು ಬಾಗಿಲು ತೆರೆಯಿತು. ೨೦೨೩ರ ಜುಲೈಯಲ್ಲಿ ಮನ್ನಣೆ ಪಡೆದ ಓಪಿಲ್ ಎಂಬ ಗುಳಿಗೆ ೨೦೨೪ರಿಂದ ವೈದ್ಯರ ಚೀಟಿಯಿಲ್ಲದೆ ಅಂಗಡಿಯಲ್ಲಿ ದೊರೆಯುತ್ತದೆ. ಆದರೆ ೨೦೧೦ರ ಶಾಸನದ ಉಚಿತ ಸೌಲಭ್ಯವು ಸಾಮಾನ್ಯವಾಗಿ ವೈದ್ಯರ ಚೀಟಿಯನ್ನು ನೆಚ್ಚಿಕೊಂಡಿದೆ. ಚೀಟಿಯ ಅಡ್ಡಿ ಹೋದ ಕಡೆ ಬೆಲೆಯ ಅಡ್ಡಿ ಮತ್ತೆ ಎದುರಾಯಿತು!

ನಮ್ಮ ನಾಡಿನ ದಾರಿ

ಇದನ್ನೆಲ್ಲ ಓದಿದ ಕನ್ನಡ ವಾಚಕರು ನಮ್ಮಲ್ಲಿ ಇಂಥ ವ್ಯಾಜ್ಯ ಏಕೆ ಹುಟ್ಟಲಿಲ್ಲವೆಂದು ಕೇಳುವುದು ಸಹಜ. ನಮ್ಮಲ್ಲಿ ಈ ವೆಚ್ಚವು ಮೊದಲಿನಿಂದಲೂ ವಿಮೆಯ ಮೂಲಕವಾಗಲಿ ಮಾಲೀಕನ ಮೂಲಕವಾಗಲಿ ಹರಿದುಬರಲಿಲ್ಲ. ಅಮೆರಿಕದಲ್ಲಿ ಕಾಮ್‌ಸ್ಟಾಕ್ ಶಾಸನ ಇನ್ನೂ ಬಲವಾಗಿದ್ದ ೧೯೩೦ರಲ್ಲಿಯೇ ಮೈಸೂರು ಸಂಸ್ಥಾನದ ಸರ್ಕಾರವು ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಮಾಡಿತು. ಸರ್ಕಾರವೇ ನಡೆಸಿದ ಇಂಥ ಚಿಕಿತ್ಸಾಲಯಗಳಲ್ಲಿ ಇವು ಜಗತ್ತಿಗೇ ಮೊದಲನೆಯವೆಂದು ಎಣಿಸುವುದುಂಟು. ೧೯೫೨ರಲ್ಲಿ ಭಾರತ ಸರ್ಕಾರವು ಕುಟುಂಬ ಯೋ��ನೆಯ ರಾಷ್ಟ್ರೀಯ ಕಾರ್ಯಕ್ರಮವನ್ನು ಕೈಗೊಂಡಿತು. ವಂಕಿ, ನಿರೋಧ್, ಗುಳಿಗೆಗಳು ಇಂದಿಗೂ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತವೆ. ಹಣ ಬೊಕ್ಕಸದಿಂದ ಬರುವುದರಿಂದ ಯಾವ ಅಂಗಡಿಯ ಒಡೆಯನೂ ತನ್ನ ನೌಕರಳ ವಂಕಿಗೆ ತಾನೇ ಹಣ ಕೊಟ್ಟೆನೆಂದು ಭಾವಿಸಬೇಕಾಗಿಲ್ಲ. ಹಾಗೆಂದು ನಮ್ಮ ದಾರಿ ನಿರ್ದೋಷವಾದುದೇನಲ್ಲ. ಹಣ ಕೊಡುವ ಸರ್ಕಾರವೇ ಗುರಿಯನ್ನೂ ಗೊತ್ತುಮಾಡಹೊರಟರೆ ಒತ್ತಾಯಕ್ಕೆ ಎಡೆಯಾಗುತ್ತದೆಂಬುದನ್ನು ೧೯೭೫ರಿಂದ ೧೯೭೭ರವರೆಗಿನ ತುರ್ತುಪರಿಸ್ಥಿತಿಯ ಕಾಲದ ಬಲವಂತದ ಶಸ್ತ್ರಚಿಕಿತ್ಸೆಗಳು ನಮಗೆ ಕಲಿಸಿವೆ. ಅಲ್ಲಿ ಮಾಲೀಕನು ಬಾಗಿಲನ್ನು ಮುಚ್ಚಬಲ್ಲ. ಇಲ್ಲಿ ಸರ್ಕಾರವು ಬಾಗಿಲಿನೊಳಕ್ಕೆ ನೂಕಬಲ್ಲುದು. ಎರಡರಲ್ಲಿಯೂ ಆಯ್ಕೆ ಮಾಡಬೇಕಾದವಳ ಕೈ ತಪ್ಪುತ್ತದೆ.

ವಿವಾದದಲ್ಲಿ ಉಳಿಯುವುದೇನು?

ವಿಮೆಯ ಗಣಿತವು ಸಂತಾನ ನಿಯಂತ್ರಣವನ್ನು ಒಳಗೆ ಸೇರಿಸಿಕೊಳ್ಳುವುದಕ್ಕೆ ಅಡ್ಡಬರುವುದಿಲ್ಲ. ಬೆಲೆಯು ಸಾಧನದ ಆಯ್ಕೆಯನ್ನೂ, ಆಯ್ಕೆಯು ಬಯಸದ ಬಸಿರುಗಳ ಸಂಖ್ಯೆಯನ್ನೂ ಬದಲಾಯಿಸುತ್ತದೆಂಬುದಕ್ಕೆ ಬಲವಾದ ಆಧಾರವಿದೆ. ಇಷ್ಟನ್ನು ಲೆಕ್ಕ ಹೇಳಬಲ್ಲುದು. ಉಳಿಯುವ ಪ್ರಶ್ನೆಯ ತಿರುಳು ಒಂದೇ: ವಿಮೆಯ ಕಂತಿನ ಹಣ ಯಾರದು? ಅದು ಮಾಲೀಕನ ದಾನವೆಂದರೆ ದಾನಿಯ ನಂಬಿಕೆಗೆ ಬೆಲೆ ಕೊಡಬೇಕೆಂಬ ವಾದಕ್ಕೆ ಶಕ್ತಿ ಬರುತ್ತದೆ. ಅರ್ಥಶಾಸ್ತ್ರಜ್ಞರು ಸಾಮಾನ್ಯವಾಗಿ ಹೇಳುವಂತೆ ಅದು ಬೇರೆ ರೂಪದಲ್ಲಿ ಬಂದ ಸಂಬಳವೇ ಆಗಿದ್ದರೆ, ನೌಕರಳು ತನ್ನ ದುಡಿಮೆಯ ಹಣವನ್ನು ತನ್ನ ಅಂತಃಸಾಕ್ಷಿಯಂತೆ ಬಳಸಿದಳೆಂದಾಗುತ್ತದೆ. ತಿಂಗಳ ಕೊನೆಯಲ್ಲಿ ಕೈಗೆ ಬಂದ ಸಂಬಳದಿಂದ ಅವಳು ಗುಳಿಗೆ ಕೊಂಡರೆ ಯಾವ ಮಾಲೀಕನೂ ತಾನು ಪಾಪದಲ್ಲಿ ಪಾಲುಗಾರನಾದೆನೆಂದು ನ್ಯಾಯಾಲಯಕ್ಕೆ ಹೋಗುವುದಿಲ್ಲವಷ್ಟೆ. ೧೯೪೨ರಲ್ಲಿ ಸಂಬಳದ ಬದಲಿಗೆ ವಿಮೆ ಬಂದುದನ್ನು ನೆನೆದರೆ ಎರಡನೆಯ ವಾದವೇ ಹೆಚ್ಚು ಸಮಂಜಸವೆಂದು ಈ ಲೇಖಕನಿಗೆ ತೋರುತ್ತದೆ. ಬೇರೆಯಾಗಿ ತೋರುವವರೂ ಇದ್ದಾರೆ. ಅವರೊಡನೆ ವಾದಿಸುವಾಗ ಗುಳಿಗೆ ಹೇಗೆ ಕೆಲಸ ಮಾಡುತ್ತದೆಂಬುದನ್ನು ಮೊದಲು ಇಬ್ಬರೂ ಒಪ್ಪಿಕೊಂಡು, ಆಮೇಲೆ ನಂಬಿಕೆಯ ಮಾತಿಗೆ ಬರುವುದು ಲೇಸು.